ಚಾಲಕನಿಲ್ಲದ ಕಾರು

"ಇನ್ನೊಂದು ಗುಟುಕು ಕೊಡು," ಎಂದು ಲಿವಿಯೊ ಅಕ್ತಿಸ್ ಕೈಚಾಚಿದ. ಇಂಜಿನಿಯರ್ ನೋರ್ಮಾ ಘಿಗೊ ನೀರಿನ ಲೋಟವನ್ನು ಹಿಂದಕ್ಕೆಳೆದುಕೊಂಡಳು.

"ಸಾಕು ಸುಮ್ನಿರು. ಒಳಗೆ ಹೋದ್ಮೇಲೆ ಅವಸರವಾದ್ರೆ ಮುಚ್ಚಳ ತೆಗೆಯೋರು ಯಾರು?"

ಅದೂ ನಿಜವೇ. ಲಿವಿಯೊ ಬೂಟು ಕಳಚಿಟ್ಟು ಕಾರಿನ ನೆಲದಲ್ಲಿದ್ದ ಗುಂಡಿಯೊಳಕ್ಕೆ ಇಳಿದ. ಒಂದು ಮಗ್ಗುಲಿಗೆ ಒರಗಿ ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡರೆ ಮಾತ್ರ ಅದರಲ್ಲಿ ಹಿಡಿಸಬಹುದಾಗಿತ್ತು. ಮುಖದ ಮುಂದೆ ಹೊರಗಿನದನ್ನು ತೋರಿಸುವ ಅಂಗೈಯಗಲದ ಪರದೆ, ಕೈಗೆ ಆಟಿಕೆಯದರಂಥ ಸ್ಟೇರಿಂಗು, ಪಾದದ ಹತ್ತಿರ ಎರಡು ಪೆಡಲು, ಅವುಗಳ ಪಕ್ಕದಲ್ಲಿ ಅದುಮಲು ಒಂದು ರಬ್ಬರಿನ ಬುರುಡೆ. ಮೇಲೆ ಮುಚ್ಚಳ ಬಿತ್ತು. ಸ್ಕ್ರೂಗಳು ತಿರುಗಿದವು. ಅದರ ಮೇಲೆ ಬಿಳಿ ಚರ್ಮದ ಸೀಟು ಕೂತಿತು.

ಆ ಕಾರಿನ ಹೆಸರು ಅಲ್ಬಾ, ಅಂದರೆ ಅರುಣೋದಯ. ಟ್ಯೂರಿನ್ ಅಂಚಿನ ಗ್ರುಲ್ಯಾಸ್ಕೊದಲ್ಲಿ ಮೂರು ತಲೆಮಾರಿನಿಂದ ಕಾರುಗಳಿಗೆ ಮೈ ಕಟ್ಟುತ್ತ ಬಂದಿದ್ದ ವಲ್ಲೆರೊ ಕಾರ್ಖಾನೆಯವರು ಅದನ್ನು ಜಿನೀವಾದ ಪ್ರದರ್ಶನಕ್ಕೆ ತಂದಿದ್ದರು. ಅದಕ್ಕೆ ಚಾಲಕ ಬೇಡ, ಪೆಟ್ರೋಲೂ ಬೇಡ. ಅದು ಜಲಜನಕ ಕುಡಿದು ಓಡುತ್ತದೆ, ಹೊಗೆಯ ಬದಲು ಶುದ್ಧ ನೀರು ಬಿಡುತ್ತದೆ ಎಂದು ವೇದಿಕೆಯ ಹಿಂದಿನ ಗೋಡೆಯ ಮೇಲೆ ಬರೆಸಿದ್ದರು. ನಿಜದಲ್ಲಿ ಅದನ್ನು ಓಡಿಸುತ್ತಿದ್ದುದು ಗೋದಾಮಿನಲ್ಲಿ ಸಾಮಾನು ಎತ್ತುವ ಗಾಡಿಯಿಂದ ಬಿಚ್ಚಿದ ಬ್ಯಾಟರಿ. ಹಿಂಬದಿಯ ನಳಿಗೆಯಿಂದ ಬರುವ ನೀರು ಅಂಗಡಿಯ ಬಾಟಲಿಯದು. ಲಿವಿಯೊ ಹಿಮ್ಮಡಿಯಿಂದ ರಬ್ಬರ್ ಬುರುಡೆ ಅದುಮಿದಾಗ ಅದು ಚಿಮ್ಮುತ್ತಿತ್ತು. ಅವನು ಮಲಗಿದ್ದ ಗುಂಡಿಯನ್ನು ನೋರ್ಮಾ ತನ್ನ ನಕ್ಷೆಯಲ್ಲಿ ಜಲಜನಕದಿಂದ ವಿದ್ಯುತ್ ತೆಗೆಯುವ ಯಂತ್ರಕ್ಕೆಂದು ಬಿಟ್ಟಿದ್ದಳು.

ಆ ಯಂತ್ರ ಸುಳ್ಳಾಗಿರಲಿಲ್ಲ. ಬೇಕರಿಯವರಿಂದ ಕೊಂಡ ಹಳೆಯ ವ್ಯಾನೊಂದರಲ್ಲಿ ಅದನ್ನು ಕೂರಿಸಿಕೊಂಡು ನೋರ್ಮಾ ಮತ್ತು ಲಿವಿಯೊ ಎರಡು ವರ್ಷ ಬೆಟ್ಟದ ದಾರಿಗಳಲ್ಲಿ ಅಲೆದಿದ್ದರು. ಅವಳು ಲೆಕ್ಕ ನೋಡುವುದು, ಇವನು ಓಡಿಸುವುದು. ಕೊಲ್ಲೆ ದೆಲ್ ಲಿಸ್‌ನ ಏರಿನಲ್ಲಿ ಆ ವ್ಯಾನು ಒಂದಿಷ್ಟೂ ಗುರುಗುಟ್ಟದೆ ಹತ್ತಿದಾಗ ರಸ್ತೆಬದಿಯ ಹಸುಗಳ ಕೊರಳಗಂಟೆ ಒಳಗೆ ಕೇಳಿಸಿತ್ತು. ಜೀವಮಾನವೆಲ್ಲ ಇಂಜಿನ್ನಿನ ಸದ್ದಿನಲ್ಲೇ ಕಳೆದ ಲಿವಿಯೊ ಅವತ್ತು ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದ್ದ. ಆದರೆ ಯಂತ್ರ ಬಟ್ಟೆಯ ಬೀರುವಿನಷ್ಟು ದೊಡ್ಡದು, ಅಲ್ಬಾ ಚಪ್ಪಲಿಯ ಹಾಗೆ ತೆಳ್ಳಗೆ. ಯಂತ್ರವನ್ನು ಕುಗ್ಗಿಸಲು ನೋರ್ಮಾ ಇನ್ನೊಂದು ವರ್ಷ ಕೇಳಿದಳು. ಯಜಮಾನ ಎರ್ಮೆತೆ ವಲ್ಲೆರೊ ಅವಳಿಗೆ ಉತ್ತರ ಕೊಡದೆ ಲಿವಿಯೊನ ಹೆಗಲ ಮೇಲೆ ಕೈ ಹಾಕಿ ಅಂಗಳಕ್ಕೆ ಕರೆದೊಯ್ದಿದ್ದ.

"ಈ ಸಲಕ್ಕೆ ಒಂದು ನಾಟಕ ಆಡ್ಬಿಡೋಣ ಕಣಯ್ಯ. ಬಂಡವಾಳ ಹಾಕೋರು ಬರ್ತಾರೆ. ಮುಂದಿನ ವರ್ಷ ನಿಜವಾದ ಅಲ್ಬಾ ತಯಾರಾಗುತ್ತೆ, ನೀನೇ ಅದನ್ನ ಸಮುದ್ರದ ತನಕ ಓಡಿಸ್ಕೊಂಡು ಹೋಗು. ನಮ್ಮಪ್ಪನ ಕಾಲದಿಂದ ಇರೋನು, ನಿನ್ನನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

ಕೇಳಲು ಬೇರೆ ಯಾರೂ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಖಾನೆಯಲ್ಲಿ ಆ ಗುಂಡಿಗೆ ಹಿಡಿಸುವಷ್ಟು ಕುಳ್ಳ ಅವನೊಬ್ಬನೇ. ಒಂದು ಕಾಲದಲ್ಲಿ ವಲ್ಲೆರೊ ಕಾರುಗಳ ಫೋಟೊಗಳಲ್ಲೆಲ್ಲ ಸ್ಟೇರಿಂಗಿನ ಹಿಂದೆ ಕೂತವನೂ ಅವನೇ. ಮೈ ಚಿಕ್ಕದಿದ್ದರೆ ಕಾರು ದೊಡ್ಡದಾಗಿ ಕಾಣುತ್ತದೆ ಎಂದು ಹಳೆಯ ಯಜಮಾನರು ಅವನನ್ನು ಆರಿಸಿದ್ದರು.

ಬೆಳಗಿನ ಆಟ ಸೊಗಸಾಗಿ ನಡೆಯಿತು. ಸಂಗೀತ ಶುರುವಾಯಿತು, ವೇದಿಕೆಯ ತೆರೆ ಸರಿಯಿತು, ಖಾಲಿ ಸೀಟುಗಳ ಕಾರು ತಾನೇ ತಾನಾಗಿ ವೇದಿಕೆಗೆ ಬಂದು, ಒಂದು ಸುತ್ತು ಹಾಕಿ, ವಲ್ಲೆರೊನ ಮುಂದೆ ಸಾಕಿದ ನಾಯಿಯಂತೆ ನಿಂತಿತು. ಯಾರೋ ಮಂತ್ರಿ ನಳಿಗೆಯ ನೀರನ್ನು ಗಾಜಿನ ಲೋಟಕ್ಕೆ ಹಿಡಿದು ಕುಡಿದ. ಆಲ್ಪ್ಸ್ ಬೆಟ್ಟದ ಝರಿಯ ನೀರಿದ್ದ ಹಾಗಿದೆ ಎಂದ. ಬಾಟಲಿಯ ಮೇಲೂ ಹಾಗೇ ಬರೆದಿತ್ತು. ಗುಂಡಿಯೊಳಗೆ ಲಿವಿಯೊಗೆ ನಗು ಬಂದು, ನಗಲು ಜಾಗವಿಲ್ಲದೆ ಪಕ್ಕೆಲುಬು ನೊಂದಿತು.

ಆಟ ಮುಗಿದ ಮೇಲೆ ಕಾರನ್ನು ತೆರೆಯ ಹಿಂದಕ್ಕೆ ಒಯ್ದು ಅವನನ್ನು ಹೊರಕ್ಕೆ ತೆಗೆಯಬೇಕಿತ್ತು. ಆದರೆ ಛಾಯಾಗ್ರಾಹಕರು ಕದಲಲಿಲ್ಲ. ಮಧ್ಯಾಹ್ನದ ಆಟ ಬೇರೆ ಇತ್ತಲ್ಲ, ಅಲ್ಲಿಯವರೆಗೆ ಒಳಗೇ ಇರಲಿ ಎಂದು ವಲ್ಲೆರೊ ತೀರ್ಮಾನಿಸಿದ. ಅದನ್ನು ಲಿವಿಯೊಗೆ ಯಾರೂ ಹೇಳಲಿಲ್ಲ. ಜನರ ಕಾಲುಗಳು ಪರದೆಯಲ್ಲಿ ಬಂದು ಹೋಗುವುದನ್ನು ನೋಡುತ್ತ ಅವನು ಕಾದ. ಕುತ್ತಿಗೆ ಸೆಟೆಯಿತು, ಬೆವರು ಕಣ್ಣಿಗಿಳಿಯಿತು. ಕೊನೆಗೆ ನೋರ್ಮಾ ಭಯಪಟ್ಟಿದ್ದೇ ಆಯಿತು. ತಡೆಯಲಾರದಷ್ಟು ಹೊತ್ತು ತಡೆದು, ಐವತ್ತೇಳರ ಗಂಡಸು ಮಗುವಿನಂತೆ ಚಡ್ಡಿ ಒದ್ದೆ ಮಾಡಿಕೊಂಡ. ಬೆಚ್ಚಗಿದ್ದದ್ದು ಬೇಗನೆ ತಣ್ಣಗಾಯಿತು.

ಆಗಲೇ ತಲೆಯ ಮೇಲಿನ ಸೀಟು ಅದುಮಿಕೊಂಡಿತು. ಯಾರೋ ಕಾರಿನೊಳಗೆ ಬಂದು ಕೂತಿದ್ದರು. ಒಂದು ದನಿ ವಲ್ಲೆರೊನದು. ಇನ್ನೊಂದು, ಇಟಾಲಿಯನ್ ಮಾತನ್ನು ಒಂದೊಂದೇ ಕಲ್ಲಿನಂತೆ ಎತ್ತಿಡುವ ದನಿ. ಅದು ಕಾರ್ಖಾನೆಗೆ ಬಂಡವಾಳ ಹಾಕಲು ಬಂದಿದ್ದ ಡಚ್ಚಿನವನದು.

ಜಲಜನಕದ ಸಂಗತಿ ಎಷ್ಟು ನಿಜ ಎಂದು ಡಚ್ಚಿನವನು ಕೇಳಿದ. ಅದು ಪತ್ರಿಕೆಯವರಿಗೆ ಎಂದು ವಲ್ಲೆರೊ ಹೇಳಿದ. ಆ ವಿಭಾಗವನ್ನು ಬೇಸಿಗೆಯೊಳಗೆ ಮುಚ್ಚುವುದು, ಇಂಜಿನಿಯರ್ ಹೆಂಗಸನ್ನು ಕಳಿಸುವುದು, ವ್ಯಾನನ್ನು ಗುಜರಿಗೆ ಹಾಕುವುದು ಎಲ್ಲ ಆಗಲೇ ನಿಶ್ಚಯವಾಗಿದೆ. ನೀವು ಕೊಳ್ಳುವುದು ಕಾರಿನ ರೂಪವನ್ನು ಮತ್ತು ನಮ್ಮ ಹೆಸರನ್ನು, ಅದಕ್ಕೆ ಯಾವ ಇಂಜಿನ್ ಬೇಕಾದರೂ ಹಾಕಿಕೊಳ್ಳಿ ಎಂದ. ಸಂತೆಯಲ್ಲಿ ಕುದುರೆಯ ಬೆನ್ನು ತಟ್ಟುವವನಂತೆ ಸೀಟಿನ ಬದಿಯನ್ನು ತಟ್ಟುತ್ತ ಹೇಳುತ್ತಿದ್ದ. ಆ ಪೆಟ್ಟುಗಳು ಲಿವಿಯೊನ ಕಿವಿಯ ಮೇಲೇ ಬೀಳುತ್ತಿದ್ದವು.

"ಹಾಗಾದ್ರೆ ಇದನ್ನ ಓಡಿಸ್ತಾ ಇರೋದು ಯಾರು?"

"ಯಾರೂ ಅಲ್ಲ," ಎಂದ ವಲ್ಲೆರೊ. "ನಮ್ಮ ಆಳು ಒಬ್ಬ."

ಇಬ್ಬರೂ ಎದ್ದು ಹೋದರು. ಸೀಟು ಮತ್ತೆ ಉಬ್ಬಿಕೊಂಡಿತು. ತಾನು ಕೆಳಗಿದ್ದೇನೆ, ಎಲ್ಲ ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದನ್ನು ಯಜಮಾನ ಮರೆತನೋ ಅಥವಾ ಕೇಳಿಸಿಕೊಂಡರೆ ಏನಂತೆ ಎಂದುಕೊಂಡನೋ, ಲಿವಿಯೊಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದು ಕಡಿಮೆ ನೋವಿನದು ಎಂದು ಯೋಚಿಸುತ್ತ ಒದ್ದೆ ಬಟ್ಟೆಯಲ್ಲಿ ಮಲಗಿದ್ದ.

ಮಧ್ಯಾಹ್ನ ಕಾರಿನ ಮುಂದೆ ತೆರೆ ಎಳೆದರು, ಮತ್ತೆ ಸಂಗೀತ ಶುರುವಾಯಿತು. ತೆರೆ ಸರಿಯಿತು. ಬೆಳಕು, ಬೆಳಗಿಗಿಂತ ದೊಡ್ಡ ಗುಂಪು. ಲಿವಿಯೊ ಬ್ರೇಕಿನ ಮೇಲೆ ಪಾದ ಇಟ್ಟಿದ್ದ. ತೆಗೆಯಲಿಲ್ಲ. ಹೀಗೆ ಮಾಡಬೇಕೆಂದು ಅವನು ಮೊದಲೇ ಯೋಚಿಸಿದ್ದೇನೂ ಅಲ್ಲ. ಹೊರಡುವ ಹೊತ್ತು ಬಂತು, ಹೊರಡಲಿಲ್ಲ, ಅಷ್ಟೆ. ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಜನ ಪಿಸುಗುಟ್ಟತೊಡಗಿದರು. ಬೆವರೊರೆಸಿಕೊಳ್ಳಲಿ, ತಡವರಿಸಲಿ, ಎಲ್ಲರ ಮುಂದೆ ಒಂದು ಸಲ ಸಣ್ಣವನಾಗಲಿ ಎಂದು ಲಿವಿಯೊ ವಲ್ಲೆರೊನ ಕಾಲುಗಳನ್ನೇ ನೋಡುತ್ತಿದ್ದ. ಕಾಲುಗಳು ಅಲುಗಲಿಲ್ಲ. ಮೈಕಿನಲ್ಲಿ ವಲ್ಲೆರೊನ ನಗುವೇ ಕೇಳಿಸಿತು.

"ಕಾರಿನದ್ದೇನೂ ತಪ್ಪಿಲ್ಲ, ಮಹನೀಯರೇ. ಜಲಜನಕ ಇನ್ನೂ ಎಳೇ ಕೂಸು, ಹಟ ಮಾಡುತ್ತೆ. ಅದರ ತಾಯಿ ಇಲ್ಲೇ ಇದ್ದಾರೆ, ನಮ್ಮ ಇಂಜಿನಿಯರ್ ಘಿಗೊ. ಅವರನ್ನೇ ಕೇಳೋಣ."

ದೀಪದ ಬೆಳಕು ವೇದಿಕೆಯ ಪಕ್ಕಕ್ಕೆ ಹೊರಳಿತು. ನೋರ್ಮಾ ಮುಂದೆ ಬಂದಳು. ಪರದೆಯಲ್ಲಿ ಮೊದಲು ಅವಳ ಬೂಟು, ಆಮೇಲೆ ಮೊಣಕಾಲು ಕಂಡವು. ಪತ್ರಕರ್ತರು ಪ್ರಶ್ನೆ ಎಸೆಯುತ್ತಿದ್ದರು. ಇದರಲ್ಲಿ ಜಲಜನಕವೇ ಇಲ್ಲ ಎಂದು ಅವಳು ಹೇಳುವಂತಿರಲಿಲ್ಲ. ಒಳಗಿನ ಗುಟ್ಟನ್ನು ಬಿಟ್ಟುಕೊಡುವುದಿಲ್ಲವೆಂದು ಅವಳೂ ಮಾತು ಕೊಟ್ಟಿದ್ದಳು. ತಂತ್ರಜ್ಞಾನ ಇನ್ನೂ ಪಳಗಬೇಕು ಎಂದು ಏನೋ ತೊದಲಿದಳು. ಕಾರನ್ನು ಪರೀಕ್ಷಿಸುವವಳಂತೆ ಅದರ ಮೂತಿಯ ಮುಂದೆ ಮಂಡಿಯೂರಿ ಬಗ್ಗಿದಳು. ಅಲ್ಲಿ ಕಡಲೆಕಾಳಿನಷ್ಟು ಕ್ಯಾಮೆರಾ ಇರುವುದು ನೋಡುತ್ತಿದ್ದ ಜನಕ್ಕೆ ಗೊತ್ತಿರಲಿಲ್ಲ. ಅವಳ ಮುಖ ಪರದೆ ತುಂಬ ಬಂದು ನಿಂತಿತು. ತುಟಿ ಅಲುಗಿತು. ಲಿವಿಯೊ, ಹೊರಡು, ಅನ್ನುತ್ತಿದ್ದಳು. ಎರಡನೆಯ ಸಲವೂ ಅಂದಳು.

ಆಗಲಾದರೂ ಅವನು ಪಾದ ಎತ್ತಬಹುದಿತ್ತು. ನಾಲ್ಕು ಮಾರು ಮುಂದೆ ಹೋಗಿದ್ದರೆ ಜನ ಚಪ್ಪಾಳೆ ತಟ್ಟಿ ಎಲ್ಲವನ್ನೂ ಮರೆಯುತ್ತಿದ್ದರು. ಲಿವಿಯೊ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಅಲ್ಲಿರಲಿಲ್ಲ. ಕೆಲಸಗಾರರು ಬಂದು ಕಾರನ್ನು ಹಿಂದಕ್ಕೆ ತಳ್ಳಲು ಹೆಗಲು ಕೊಟ್ಟಾಗಷ್ಟೇ ಅವನ ಪಾದ ಮೇಲೆದ್ದಿತು.

ಕಾಲು ಜೋಮು ಹಿಡಿದಿತ್ತು ಎಂದು ಅವನು ವಲ್ಲೆರೊಗೆ ಹೇಳಿದ. ವಲ್ಲೆರೊ ಬೈಯಲಿಲ್ಲ. ಒದ್ದೆ ಪ್ಯಾಂಟು ನೋಡಿ ಮುಖ ತಿರುಗಿಸಿ, ಅಷ್ಟು ಹೊತ್ತು ಒಳಗೆ ಬಿಟ್ಟಿದ್ದು ನಮ್ಮದೇ ತಪ್ಪು, ಪಾಪ ಎಂದ. ಮರುವಾರ ಲಿವಿಯೊನ ಮನೆಗೆ ಒಂದು ಪೆಟ್ಟಿಗೆ ಬರೋಲೊ ದ್ರಾಕ್ಷಾರಸ ಕಳಿಸಿಕೊಟ್ಟ. ಕಾರ್ಖಾನೆಯ ಮಾರಾಟಕ್ಕೂ ಏನೂ ಅಡ್ಡಿಯಾಗಲಿಲ್ಲ. ಡಚ್ಚಿನವನಿಗೆ ಬೇಕಿದ್ದುದು ರೂಪ. ರೂಪ ನಿಂತಲ್ಲೇ ಚೆನ್ನಾಗಿತ್ತು. ಪತ್ರಿಕೆಗಳು ಕಾರನ್ನು ಹೊಗಳಿ ಜಲಜನಕವನ್ನು ಗೇಲಿ ಮಾಡಿದವು. ನಾಳೆಯ ಇಂಧನ, ಇವತ್ತು ಮಾತ್ರ ಬರೋದಿಲ್ಲ ಎಂದು ಒಂದು ಪತ್ರಿಕೆ ಬರೆಯಿತು. ಅದರ ಕೆಳಗೆ ಕಾರಿನ ಮುಂದೆ ಮಂಡಿಯೂರಿದ್ದ ನೋರ್ಮಾಳ ಫೋಟೊ ಇತ್ತು.

ಲಿವಿಯೊನ ಹೆಂಡತಿ ಪಿಯೆರಾ ಆ ಪತ್ರಿಕೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಕನ್ನಡಕ ಹಾಕಿಕೊಂಡಳು.

"ನೀವೂ ಹೋಗಿದ್ರಲ್ಲ, ಇದ್ರಲ್ಲಿ ನೀವೆಲ್ಲಿ?"

ಅವನು ಖಾಲಿ ಸೀಟಿನ ಕೆಳಗೆ ಬೆರಳಿಟ್ಟು ತೋರಿಸಿದ. "ಇಲ್ಲಿ."

"ಹೂಂ, ಹೇಳ್ತೀರ ನೀವು," ಎಂದು ಅವಳು ನಕ್ಕು, ಈರುಳ್ಳಿ ಸಿಪ್ಪೆಗೆಂದು ಪತ್ರಿಕೆಯನ್ನು ಮಡಚಿಟ್ಟಳು.

ಮೇ ತಿಂಗಳಲ್ಲಿ ನೋರ್ಮಾ ತನ್ನ ಸಾಮಾನು ಕಟ್ಟಿದಳು. ಲಿವಿಯೊ ಪೆಟ್ಟಿಗೆ ಹೊರಲು ಹೋದ. ಅವಳ ಶೆಡ್ಡಿನಲ್ಲಿ ವ್ಯಾನು ನಿಂತಿದ್ದ ಜಾಗ ಆಗಲೇ ಖಾಲಿಯಾಗಿತ್ತು. ಇಬ್ಬರೂ ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿದರು.

"ಕಾಲು ಜೋಮು ಹಿಡಿದಿತ್ತು ಅಂದ್ಯಂತೆ," ಎಂದಳು.

"ಹೂಂ."

"ಬ್ರೇಕಿನ ದೀಪ ಉರೀತಾ ಇತ್ತು, ಲಿವಿಯೊ. ಪೂರ್ತಿ ಹೊತ್ತೂ ಉರೀತಾನೇ ಇತ್ತು. ಬ್ರೇಕನ್ನ ಅಷ್ಟು ಗಟ್ಟಿಯಾಗಿ ಅದುಮಿ ಹಿಡ್ಕೊಂಡಿದ್ದ ಕಾಲಿಗೆ ಯಾವ ಜೋಮು?"

ಅವನು ಪೆಟ್ಟಿಗೆ ಕೆಳಗಿಟ್ಟ. ಸೀಟಿನ ಕೆಳಗೆ ಕೇಳಿಸಿಕೊಂಡದ್ದನ್ನು ಹೇಳತೊಡಗಿದ. ವಿಭಾಗ ಮುಚ್ಚುವುದು, ಅವಳನ್ನು ಕಳಿಸುವುದು, ವ್ಯಾನು ಗುಜರಿಗೆ ಹಾಕುವುದು. ಅದನ್ನೆಲ್ಲ ಕೇಳಿ ತಡೆಯಲಾಗಲಿಲ್ಲ, ನಿನಗೋಸ್ಕರ ನಿಲ್ಲಿಸಿದೆ ಎಂದ. ಯಜಮಾನ ತನ್ನ ಬಗ್ಗೆ ಆಡಿದ ಮಾತನ್ನೂ ಕೇಳಿಸಿಕೊಂಡಿದ್ದನಲ್ಲ, ಅದನ್ನು ಮಾತ್ರ ಹೇಳಲಿಲ್ಲ.

"ನನಗೋಸ್ಕರಾನಾ?" ನೋರ್ಮಾ ಟೇಪನ್ನು ಹಲ್ಲಿನಲ್ಲಿ ಹರಿದಳು. "ಮುಚ್ತಾರೆ ಅಂತ ನಂಗೆ ಕ್ರಿಸ್ಮಸ್ ಹೊತ್ತಿಗೇ ಗೊತ್ತಿತ್ತು. ಅದಕ್ಕೇ ಬೆರ್ಗೆನ್ ಬಂದರಿನಿಂದ ಇಬ್ಬರನ್ನ ಕರೆಸಿದ್ದೆ, ಅಲ್ಲಿ ದೋಣಿಗಳಿಗೆ ಹಾಕೋಕೆ ಇಂಥ ಯಂತ್ರ ಹುಡುಕ್ತಾ ಇದ್ರು. ಮಧ್ಯಾಹ್ನದ ಆಟ ನೋಡಿ ಆಮೇಲೆ ಮಾತಾಡೋಣ ಅಂದಿದ್ರು. ವ್ಯಾನಿನ ಎರಡು ವರ್ಷದ ಲೆಕ್ಕ ಚೀಲದಲ್ಲೇ ಇಟ್ಕೊಂಡಿದ್ದೆ. ನಾನು ಕಾರಿನ ಮುಂದೆ ಮಂಡಿಯೂರಿ ಎದ್ದು ನೋಡೋ ಹೊತ್ತಿಗೆ ಅವರ ಕುರ್ಚಿ ಖಾಲಿ."

"ಒಂದು ಮಾತು ನಂಗೆ ಹೇಳಿದ್ದಿದ್ರೆ..."

"ನಿಂಗೆ ಹೇಳಿದ್ನಲ್ಲ. ಮುಖಕ್ಕೆ ಮುಖ ಇಟ್ಟು ಹೇಳ್ದೆ. ಎರಡು ಸಲ ಹೇಳ್ದೆ."

ಲಿವಿಯೊ ತಲೆ ತಗ್ಗಿಸಿದ. ಅವಳು ಟೇಪು ಅಂಟಿಸಿ ಮುಗಿಸಿದಳು. ಪೆಟ್ಟಿಗೆಗಳನ್ನು ತಾನೇ ಒಂದೊಂದಾಗಿ ತನ್ನ ಕಾರಿಗೆ ಹೊತ್ತುಕೊಂಡು ಹೋದಳು. ಅವನು ಬಗ್ಗಿ ಒಂದನ್ನು ಎತ್ತಹೋದಾಗ, "ಇರಲಿ ಬಿಡು," ಎಂದಳು. ಕುನೆಯೊ ಕಡೆ ಯಾವುದೋ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಾಳೆ ಎಂದು ಆಮೇಲೆ ಯಾರೋ ಅಂದರು. ಅವಳಾಗಿ ಯಾವತ್ತೂ ಫೋನು ಮಾಡಲಿಲ್ಲ. ಇವನೂ ಮಾಡಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಕಾರ್ಖಾನೆಯ ಗೇಟಿಗೆ ಹೊಸ ಬಣ್ಣ ಬಂತು. ವಲ್ಲೆರೊ ಈಗ ಡಚ್ಚಿನವರ ಸಂಬಳದ ಮ್ಯಾನೇಜರು, ಆದರೆ ದನಿ ಮಾತ್ರ ಯಜಮಾನನದೇ. ಶರತ್ಕಾಲದ ಪ್ಯಾರಿಸ್ ಪ್ರದರ್ಶನಕ್ಕೆ ಇನ್ನೊಂದು ಕಾರು ತಯಾರಾಗುತ್ತಿತ್ತು, ಅಲ್ಬಾಗಿಂತ ತಗ್ಗು, ಅಲ್ಬಾಗಿಂತ ನಯ. ಈ ಸಲ ಅದು ಬಿಸಿಲು ಕುಡಿದು ಓಡುತ್ತದಂತೆ. ಲಿವಿಯೊನನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಮರಗೆಲಸದ ಸೆಕೊಂದೊ ಬಂದು, ಗುಂಡಿಗೆ ನಿನ್ನ ಅಳತೆ ಬೇಕಂತೆ ಬಾ ಎಂದು ಕರೆದ. ಬಿಟ್ಟು ಹೋಗಲು ಬೇರೆ ಕೆಲಸವಿರಲಿಲ್ಲ, ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಬರುವುದಿಲ್ಲ ಎನ್ನಲು ಅವನು ಬಾಯಿ ತೆರೆದದ್ದೂ ನಿಜ. ಸೆಕೊಂದೊ ಆಗಲೇ ಮುಂದೆ ನಡೆದಿದ್ದ.

ಶೆಡ್ಡಿನ ಸಿಮೆಂಟು ನೆಲದ ಮೇಲೆ ಲಿವಿಯೊ ಬೂಟು ಕಳಚಿ ಮಗ್ಗುಲಾಗಿ ಮಲಗಿದ. ಮೊಣಕಾಲು ಎದೆಗೆ ಎಳೆದುಕೊಂಡ.

"ಇನ್ನೂ ಸ್ವಲ್ಪ ಮುದುರ್ಕೊ," ಎಂದ ಸೆಕೊಂದೊ. "ತಲೆ ಒಳಗೆ ಹಾಕು. ಹಾಂ, ಅಷ್ಟೇ."

ಸೆಕೊಂದೊ ಸೀಮೆಸುಣ್ಣ ಹಿಡಿದು ಬೆನ್ನಿನಿಂದ ಶುರುಮಾಡಿ, ಕುತ್ತಿಗೆ, ತಲೆ, ಮೊಣಕೈ, ಪಾದಗಳನ್ನು ಬಳಸಿ, ಮತ್ತೆ ಬೆನ್ನಿಗೆ ಬಂದು ಗೆರೆ ಕೂಡಿಸಿದ. ಊಟದ ಗಂಟೆ ಹೊಡೆಯಿತು. ಲಿವಿಯೊ ಒಂದು ಕೈ ಊರಿ ಎದ್ದು, ಅಂಗಿಯ ತೋಳಿಗೆ ಅಂಟಿದ ಬಿಳಿಯನ್ನು ಕೊಡವಿಕೊಂಡ. ಕೈತೊಳೆಯಲು ಹೊರಟಿದ್ದ ಕೆಲಸಗಾರರು ಅಲ್ಲಿಗೆ ಬಂದಾಗ ಸಾಲು ಬಿಟ್ಟು, ನೆಲದ ಮೇಲಿನ ಆ ಗೆರೆಯನ್ನು ತುಳಿಯದ ಹಾಗೆ ಸುತ್ತಿಕೊಂಡು ಹೋಗುತ್ತಿದ್ದರು.