ಅಕ್ಕ ಕಚ್ಚಿದ ಗೆಣಸು

ಸದ್ದು ಬದಲಾಯಿತು, ಹೌದು, ಈಗಷ್ಟೇ ಬದಲಾಯಿತು, ಇಷ್ಟು ಹೊತ್ತು ದಪ್ಪಗೆ ಬುಳಬುಳ ಎನ್ನುತ್ತಿದ್ದ ಎಣ್ಣೆ ಈಗ ತೆಳ್ಳಗೆ ಚಿಟಿಚಿಟಿ ಎನ್ನುತ್ತಿದೆ, ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಮುದುರುತ್ತಿರುವ ಹಾಗೆ, ಅಂದರೆ ಸಿಗಡಿಗೆ ಅಂಟಿದ ಹಿಟ್ಟಿನಲ್ಲಿ ನೀರು ಮುಗಿಯುತ್ತ ಬಂತು, ಅಂದರೆ ಈಗ ತೆಗೆಯಬೇಕು — ತೆಗೆಯಬೇಕೋ, ಇನ್ನೊಂದು ಗಳಿಗೆ ಬಿಡಬೇಕೋ, ಟೆಂಪುರಾವನ್ನು, ಜಪಾನಿನವರ ಈ ಬಜ್ಜಿಯನ್ನು, ಕಣ್ಣಿಂದಲ್ಲ ಕಿವಿಯಿಂದ ಕರಿಯಬೇಕು ಎಂದಿದ್ದ ವಿಡಿಯೋದ ಬೋಳುತಲೆಯ ಅಡುಗೆಯವನು, ನನಗೋ ಕಿವಿಗಿಂತ ಬೆರಳಿನ ಮೇಲೆ ನಂಬಿಕೆ ಹೆಚ್ಚು, ಆದರೆ ಕಾದ ಎಣ್ಣೆಗೆ ಬೆರಳಿಡುವ ಹಾಗಿಲ್ಲವಲ್ಲ, ಜಾಲರಿ ಸೌಟು ಎಲ್ಲಿ ಹೋಯಿತು, ಇಲ್ಲೇ ಇತ್ತು, ಓ, ಕೈಯಲ್ಲೇ ಇದೆ. ತೆಗೆದೆ. ಕೆಂಪು ಬಾಲ ಎತ್ತಿಕೊಂಡು ಸಾಲಾಗಿ ಮಲಗಿವೆ, ಒಂದೂ ಸುರುಳಿ ಸುತ್ತಿಕೊಂಡಿಲ್ಲ, ಹೊಟ್ಟೆಯ ಕಡೆ ಅಡ್ಡಡ್ಡ ಗೀರಿ, ಬೋರಲು ಹಾಕಿ ಬೆನ್ನು ಒತ್ತಿದಾಗ ಒಳಗೆಲ್ಲೋ ಪುಟುಕ್ ಎಂದಿತಲ್ಲ, ಆ ಪುಟುಕ್ಕಿಗೆ ನಾರು ಸಡಿಲವಾಗಿ ಸಿಗಡಿ ನೆಟ್ಟಗಾಗುತ್ತದಂತೆ, ಆಯಿತು, ಅದು ಗೆದ್ದೆ, ಆದರೆ ಗರಿಗರಿ? ಉಗುರಿನಿಂದ ತಟ್ಟಿದೆ, ಸದ್ದಿಲ್ಲ, ಒತ್ತಿದೆ, ಒಳಕ್ಕೆ ಹೋಯಿತು, ಒದ್ದೆ ಕಾಲುಚೀಲದ ಹಾಗೆ. ಯಾಕೆ? ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ಮೈದಾ ಜರಡಿ ಹಿಡಿದು ಫ್ರಿಜ್ಜಿನಲ್ಲಿಟ್ಟಿದ್ದೆ, ಎಣ್ಣೆಗೆ ಬಿಟ್ಟ ಹಿಟ್ಟಿನ ಹನಿ ಅರ್ಧ ಮುಳುಗಿ ತಟ್ಟನೆ ಮೇಲೆದ್ದು ಬಂದಿತ್ತು, ಎಲ್ಲ ಸರಿಯಿದ್ದ ಮೇಲೆ ಉಳಿದದ್ದು ಕೈ ಮಾತ್ರ, ನನ್ನ ಈ ಕೈ — ಬಟ್ಟಲಿನೊಳಗೆ ಬಗ್ಗಿ ನೋಡುತ್ತೇನೆ, ಹಿಟ್ಟು ಕೆನೆಯ ಹಾಗೆ ನುಣ್ಣಗಿದೆ, ಒಂದು ಗಂಟಿಲ್ಲ, ಒಂದು ಗುಳ್ಳೆಯಿಲ್ಲ, ಕೆಲಸದ ಚಾಳಿ ಮನೆಗೂ ಬಂದುಬಿಟ್ಟಿದೆ.

ದಂತವೈದ್ಯರ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವವನಿಗೆ ಬೇರೆ ಎಂಥ ಚಾಳಿ ಇರುತ್ತದೆ, ಬಾಯಿಯ ಅಚ್ಚು ತೆಗೆಯುವ ಪುಡಿಯನ್ನು ಕಲಸಿಕೊಡುವವನೂ ನಾನೇ, ಅದಕ್ಕೂ ತಣ್ಣೀರೇ ಬೇಕು, ಬೆಚ್ಚಗಿದ್ದರೆ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗಿಬಿಡುತ್ತದೆ, ಅಲ್ಲಿಯವರೆಗೆ ಎರಡೂ ಒಂದೇ, ಆಮೇಲೆ ಉಲ್ಟಾ, ಅಲ್ಲಿ ಬಟ್ಟಲಿನ ಗೋಡೆಗೆ ಉಜ್ಜಿ ಉಜ್ಜಿ ಕಲಸಬೇಕು, ಒಂದು ಗುಳ್ಳೆ ಉಳಿದರೂ ಇಲ್ಲದ ಗಡ್ಡೆಯೊಂದು ಅಚ್ಚಿನಲ್ಲಿ ಮೂಡುತ್ತದೆ, ಇಲ್ಲಿ ಕಲಸಿದಷ್ಟೂ ಮೈದಾ ಜಿಗುಟಾಗುತ್ತದೆ, ಕಡ್ಡಿಯಲ್ಲಿ ನಾಲ್ಕು ಸಲ ಇರಿದು ಬಿಟ್ಟುಬಿಡಿ, ಗಂಟು ಗಂಟಾಗಿ ಇರಲಿ ಎಂದಿದ್ದ ಬೋಳುತಲೆಯವನು, ಕೇಳಿಸಿಕೊಂಡಿದ್ದೆ, ಆದರೆ ಕೈ ಕೇಳಿಸಿಕೊಂಡಿರಲಿಲ್ಲ. ರೀ, ಏನಾಯ್ತು, ಮುಖ ಯಾಕೆ ಹಾಗೆ ಮಾಡ್ಕೊಂಡಿದೀರಿ, ಇದು ನನ್ನ ಹೆಂಡತಿ, ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಭಾನುವಾರವೂ ಅದೇ ದನಿ, ಏನಿಲ್ಲ ಕಣೇ, ಮೊದಲನೇ ಸರದಿ ಮೆತ್ತಗಾಯ್ತು, ಮೆತ್ತಗಾದ್ರೆ ಒಳ್ಳೇದೇ ಆಯ್ತಲ್ಲ, ನಿಮ್ಮಕ್ಕನಿಗೆ ಅಗಿಯೋಕೆ ಸುಲಭ. ಅದೇ ಅಲ್ಲವೇ ಕಷ್ಟ, ಮೆತ್ತಗಿನದನ್ನೇ ತಿಂದು ತಿಂದು ಅಕ್ಕ ಮೆತ್ತಗಾಗುತ್ತಿದ್ದಾಳೆ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಹಿಸುಕಿದ ಬಾಳೆಹಣ್ಣು, ಮತ್ತೆ ಹಾಲು, ಮತ್ತೆ ಬ್ರೆಡ್ಡು, ಹಲ್ಲೆಲ್ಲ ಹೋದ ಮೇಲೆ ನಾನು ಮಾಡಿಕೊಟ್ಟ ಸೆಟ್ಟು ಅವಳ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ನೀಲಿ ಲೋಟದ ನೀರಿನಲ್ಲಿ ಮುಳುಗಿ ಕೂತಿದೆ, ಬೆಳಗ್ಗೆ ಹೊತ್ತು ಬಿಸಿಲು ಬಿದ್ದಾಗ ಲೋಟವೇ ನಗುತ್ತಿರುವ ಹಾಗೆ ಕಾಣುತ್ತದೆ, ಅಕ್ಕ ಮಾತ್ರ ನಗುವುದಿಲ್ಲ, ಒತ್ತುತ್ತಾ ಅಕ್ಕ, ಇಲ್ಲ, ಗಾಯ ಆಗಿದೆಯಾ, ಇಲ್ಲ, ಜಾರುತ್ತಾ, ಇಲ್ಲ ಮಾರಾಯ, ಮತ್ತೇನು, ಏನಿಲ್ಲ ಬಿಡೋ, ಹಾಕ್ಕೋತೀನಿ, ಇವತ್ತಲ್ಲ ನಾಳೆ.

ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು, ಹಿಂದಿನ ಬಾಗಿಲಿನಿಂದ ರೈಟ್ ಎಂದರೆ ಮುಂದಿನ ಸೀಟಿನಲ್ಲಿ ನಿದ್ದೆ ಹೋದವನು ಎದ್ದು ಕೂರುತ್ತಿದ್ದ, ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಆ ದನಿಯಲ್ಲೇ ಬೆಳೆಸಿದಳು, ಎದ್ದೇಳೋ, ಓದೋ, ಉಣ್ಣೋ, ಇಳಿಯೋ ಗೋಡೆಯಿಂದ, ಈಗ ಬಾಗಿಲು ತಟ್ಟಿ ಯಾರಾದರೂ ಬಂದರೆ ಬಾಯಿಗೆ ಅಡ್ಡ ಕೈ ಹಿಡಿದುಕೊಂಡು ಒಳಗೆ ಹೋಗುತ್ತಾಳೆ, ಹಳೆಯ ಡ್ರೈವರು ನೋಡಲು ಬಂದಿದ್ದಾಗಲೂ ಹಾಗೇ, ಪಾಪ ಆತ ಹಣ್ಣಿನ ಚೀಲ ಮೇಜಿನ ಮೇಲಿಟ್ಟು ನಮ್ಮ ಗೋಡೆ ಗಡಿಯಾರವನ್ನೇ ನೋಡುತ್ತ ಕೂತಿದ್ದು ಎದ್ದು ಹೋದ. ಆದರೆ ಫೋನಿನಲ್ಲಿ ಆ ವಿಡಿಯೋ — ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಅಕ್ಕ ಫೋನನ್ನು ಕಿವಿಗೆ ಹಿಡಿದಿದ್ದಳು, ಕಣ್ಣಿಗಲ್ಲ, ಕಿವಿಗೆ, ಬೋಳುತಲೆಯವನು ಟೆಂಪುರಾ ಕಚ್ಚುತ್ತಾನೆ, ಕರುಂ, ಅಕ್ಕ ಹಿಂದಕ್ಕೆ ಎಳೆಯುತ್ತಾಳೆ, ಮತ್ತೆ ಕರುಂ, ಮತ್ತೆ ಹಿಂದಕ್ಕೆ, ನನ್ನನ್ನು ನೋಡಿ ನಾಚಿಕೊಂಡಳು, ಏನಿಲ್ವೋ, ಇದು ಅಷ್ಟು ಸದ್ದು ಹೆಂಗೆ ಮಾಡುತ್ತೆ ಅಂತ, ಹಪ್ಪಳದ ಥರ ಒಣಗಿದ್ದೂ ಅಲ್ಲ, ಒಳಗೆ ಮೀನೋ ಏನೋ ಇದೆ, ಒದ್ದೆ ಇದೆ, ಮೇಲೆ ಮಾತ್ರ ಗಾಜು ಒಡೆದಂಗೆ, ಹೆಂಗೋ? ನನಗೇನು ಗೊತ್ತು ಅಕ್ಕ. ಗೊತ್ತಿರಲಿಲ್ಲ, ಅದೇ ತಲೆಗೆ ಹೊಕ್ಕಿತು, ಹೇಗೆ, ಹೇಗೆ, ಕೆಲಸದ ಮೇಜಿನ ಮುಂದೆ ಮೇಣದ ಮೇಲೆ ಹಲ್ಲು ಜೋಡಿಸುತ್ತಿರುವಾಗಲೂ ಅದೇ, ಇನ್ನೊಂದೂ ಅದರ ಬೆನ್ನಿಗೇ ಬಂತು, ಇಷ್ಟು ವರ್ಷದಿಂದ ಊರಿನ ಬಾಯಿಗಳಿಗೆಲ್ಲ ಹಲ್ಲು ಮಾಡಿದವನು ನಾನು, ನನ್ನ ಹಲ್ಲು ಒಂದು ತುತ್ತನ್ನಾದರೂ ಕಚ್ಚಿದ್ದನ್ನು ಕಣ್ಣಾರೆ ಕಂಡಿಲ್ಲ, ನನ್ನ ಕೋಣೆಗೆ ಬರುವುದು ಸುಣ್ಣದಂಥ ಅಚ್ಚು, ಹೋಗುವುದು ಡಬ್ಬಿಯಲ್ಲಿ ಮುಚ್ಚಿದ ಸೆಟ್ಟು, ಆಮೇಲೆ ಅದು ಯಾರ ಮನೆಯ ಯಾವ ಊಟದ ಮೇಜಿನಲ್ಲಿ ಏನನ್ನು ಅಗಿಯುತ್ತದೋ, ಯಾರೊಂದಿಗೆ ಜಗಳವಾಡುತ್ತದೋ, ದೇವರೇ ಬಲ್ಲ.

ಟೆಂಪುರಾ ಒಳಗಿಟ್ಟು ಸುತ್ತುವ ಸುಶಿಗೆಂದು ಮಾಡಿದ ಅನ್ನದ ಪಾತ್ರೆಯನ್ನು ಹೆಂಡತಿ ತನ್ನ ಕಡೆ ಎಳೆದುಕೊಂಡಿದ್ದಾಳೆ, ಮುಟ್ಟಿ ನೋಡಿ, ಕೈಯಷ್ಟೇ ಬಿಸಿ ಇದೆ, ಸಾಕಾ, ಸಾಕು, ವಿನೆಗರಿಗೆ ಸಕ್ಕರೆ ಉಪ್ಪು ಹಾಕಿ ಬೆಚ್ಚಗೆ ಮಾಡಿ ಅನ್ನದ ಮೇಲೆ ಚಿಮುಕಿಸಿ ಅವಳು ಹಳೆಯ ಪತ್ರಿಕೆಯಲ್ಲಿ ಗಾಳಿ ಬೀಸಿದ್ದಳು, ಬೀಸುತ್ತ ಸುದ್ದಿಯನ್ನೂ ಓದಿದ್ದಳು, ಈಗ ಅನ್ನದ ಕಾಳು ಕಾಳೂ ಹೊಳೆಯುತ್ತಿದೆ, ಒಂದಕ್ಕೊಂದು ಅಂಟಿಕೊಂಡಿದೆ, ಆದರೆ ಮುದ್ದೆಯಾಗಿಲ್ಲ. ನೀವು ನಿಮ್ಮ ಎಣ್ಣೆ ನೋಡ್ಕೊಳ್ಳಿ, ಪಾರ್ಸೆಲ್ ಕಟ್ಟೋದು ನನ್ನ ಇಲಾಖೆ, ಅಂದಳು, ಊಟದ ಮೇಜಿನ ಬಿದಿರಿನ ಚಾಪೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಡಲಪಾಚಿಯ ಕಪ್ಪು ಹಾಳೆ, ಹೊಳೆಯುವ ಬದಿ ಕೆಳಗೆ, ಒರಟು ಬದಿ ಮೇಲೆ, ಬೆರಳು ಒದ್ದೆ ಮಾಡಿಕೊಂಡು ಅನ್ನ ಹರಡಿದಳು, ಆ ತುದಿಯಲ್ಲಿ ಒಂದು ಬೆರಳು ಜಾಗ ಬಿಡು ಕಣೇ, ಗೊತ್ತು ರೀ, ಲಕೋಟೆಗೂ ಅಂಟಿಸೋಕೆ ಜಾಗ ಬಿಡಲ್ವಾ. ಅಂಟಿಸೋಕೆ ಜಾಗ, ನಾನು ನಕ್ಕೆ, ಅವಳೂ ನಕ್ಕಳು, ಒಳಗಿನ ಕೋಣೆಯಲ್ಲಿ ಫೋನಿನ ಸದ್ದು ನಿಂತಿತು. ಅಕ್ಕ ನಮ್ಮ ಮಾತು ಕೇಳುತ್ತಿದ್ದಾಳೆ. ಇದೆಲ್ಲ ಅವಳಿಗೇ ಎಂದು ಹೇಳಿಲ್ಲ, ಹೇಳಿದರೆ ನನಗೋಸ್ಕರ ಯಾಕೆ ಒದ್ದಾಡ್ತೀಯ ಅನ್ನುತ್ತಾಳೆ, ಈ ಸಲ ಹೊಸ ಬಟ್ಟಲು, ಹೊಸ ಮಂಜುಗಡ್ಡೆ ನೀರು, ಮೊಟ್ಟೆಯ ಹಳದಿ, ಮೈದಾ ಸುರಿದೆ, ಕಡ್ಡಿಯಲ್ಲಿ ಒಂದು ಇರಿತ, ಎರಡು, ಕೈ ಉಜ್ಜಲು ಹೋಗುತ್ತಿದೆ, ಬೇಡ, ಬಿಡು, ಗಂಟು ಇರಲಿ, ಒಣಪುಡಿ ಅಂಚಿನಲ್ಲಿ ಹಾಗೇ ಇರಲಿ, ಎಂಥ ಕಷ್ಟ, ಒಂದು ಕೆಲಸವನ್ನು ಅರ್ಧಕ್ಕೆ ಬಿಡುವುದು ಇಷ್ಟು ಕಷ್ಟ ಎಂದು ಯಾರಿಗಾದರೂ ಗೊತ್ತಿತ್ತೇ, ಸಿಗಡಿಯ ಬಾಲ ಹಿಡಿದು ಅದ್ದಿದೆ, ಬಿಟ್ಟೆ, ಎಣ್ಣೆ ಹೂ ಬಿಟ್ಟ ಹಾಗೆ ಅರಳಿತು, ಹಿಟ್ಟಿನ ಚೂರುಗಳು ಸುತ್ತ ಹರಡಿ, ಮತ್ತೆ ಓಡಿ ಬಂದು ಸಿಗಡಿಗೆ ಅಂಟಿಕೊಂಡವು, ಬುಳಬುಳ, ಬುಳಬುಳ, ಆಮೇಲೆ ತೆಳ್ಳಗೆ — ಈಗ. ಜಾಲರಿಯ ಮೇಲಿಟ್ಟು ಉಗುರಿನಿಂದ ತಟ್ಟಿದೆ. ಟಕ್. ಟಕ್ ಅಂದಿತು! ಕೇಳಿಸ್ತಾ, ಟಕ್ ಅಂತು, ಎಂದು ನಾನು ಕೂಗಿದ್ದಕ್ಕೆ ಹೆಂಡತಿ ಬೆಚ್ಚಿ ಅನ್ನದ ಬೆರಳು ಮೂಗಿಗೆ ಒತ್ತಿಕೊಂಡಳು, ಒಂದು ಕಾಳು ಅಲ್ಲೇ ನಿಂತಿತು.

ಏನೋ ಅದು ಸದ್ದು? ಬಾಗಿಲಲ್ಲಿ ಅಕ್ಕ, ಹಲ್ಲಿಲ್ಲದ ಬಾಯಿಯ ಮುಂದೆ ಕೈ, ಕೈಯ ಮೇಲಿಂದ ಕಣ್ಣು ಮಾತ್ರ, ಕಣ್ಣು ಬಾಣಲೆಯ ಮೇಲೆ, ನಾನು ಸಿಗಡಿಯನ್ನು ಅವಳ ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ತಟ್ಟಿದೆ, ಟಕ್, ಕೈ ತಾನಾಗಿ ಬಾಯಿಂದ ಕೆಳಗಿಳಿಯಿತು, ಅಯ್ಯೋ, ಅದೇ ಅಲ್ವೇನೋ, ಅದೇ ಅಕ್ಕ, ಹೆಂಗೆ ಮಾಡಿದ್ಯೋ, ಕಲಸೋದನ್ನ ಅರ್ಧಕ್ಕೆ ಬಿಟ್ಟೆ, ಅಷ್ಟೇನಾ, ಅಷ್ಟೇ. ಸ್ಟೂಲಿನ ಮೇಲೆ ಕೂತಳು, ಪ್ರಶ್ನೆಯ ಮೇಲೆ ಪ್ರಶ್ನೆ, ನೀರು ಯಾಕೆ ತಣ್ಣಗೆ, ಬಾಲ ಯಾಕೆ ಬಿಟ್ಟಿದೀಯ, ಅದರ ತುದಿ ಯಾಕೆ ಕತ್ತರಿಸಿದೀಯ, ಅದರೊಳಗೆ ನೀರಿರುತ್ತೆ ಅಕ್ಕ, ಎಣ್ಣೆ ಸಿಡಿಯುತ್ತೆ, ಈ ಕಪ್ಪು ಕಾಗದ ತಿನ್ನೋದೇನೇ, ಹೂಂ ಅಕ್ಕ ತಿನ್ನೋದೇ, ಹೆಂಡತಿ ಕರಿದ ಸಿಗಡಿಯನ್ನೂ ಸೌತೆಕಾಯಿಯ ಕಡ್ಡಿಯನ್ನೂ ಅನ್ನದ ಮೇಲೆ ಮಲಗಿಸಿ ಚಾಪೆಯನ್ನು ಎತ್ತಿ, ಮಡಿಸಿ, ಬೆರಳಲ್ಲಿ ಒತ್ತಿ, ಉರುಳಿಸಿದಳು, ಚಾಪೆ ಬಿಚ್ಚಿದಾಗ ಕಪ್ಪಗೆ ಗುಂಡಗೆ ಸುಶಿ ರೋಲು, ಕತ್ತಿ ಒದ್ದೆ ಮಾಡಿ ಕೊಯ್ದಳು, ಮೊದಲ ಬಿಲ್ಲೆ ಕುಸಿದುಬಿತ್ತು, ಅದು ವಿಳಾಸ ತಪ್ಪಿದ್ದು ಎಂದು ತಾನೇ ಬಾಯಿಗೆ ಹಾಕಿಕೊಂಡಳು, ಮಿಕ್ಕವು ನಿಂತವು, ಕಪ್ಪು ಉಂಗುರ, ಬಿಳಿ ಉಂಗುರ, ನಡುವೆ ಸಿಗಡಿಯ ಗುಲಾಬಿ. ಉಳಿದ ಹಿಟ್ಟಿಗೆ ನಾನು ಗೆಣಸಿನ ಬಿಲ್ಲೆಗಳನ್ನು ಅದ್ದಿ ಬಿಟ್ಟೆ, ತಿರುಗಿ ನೋಡಿದರೆ ಸ್ಟೂಲು ಖಾಲಿ. ಹೋದಳೇ, ಬೇಜಾರಾಯಿತೇ, ತಿನ್ನಲಾಗದ್ದನ್ನು ಮುಂದೆ ಹರಡಿ ಕೂತೆವೇ ನಾವು — ನೀರು ಚೆಲ್ಲಿದ ಸದ್ದು, ಲೋಟ ಕಿಟಕಿಯ ಕಟ್ಟೆಗೆ ತಾಗಿದ ಸದ್ದು. ಬಂದಳು. ತುಟಿ ಬಿಗಿಯಾಗಿ ಮುಚ್ಚಿದೆ, ಕೆನ್ನೆ ತುಂಬಿಕೊಂಡಿದೆ, ಯಾರೂ ಏನೂ ಹೇಳಬಾರದು ಎಂಬ ಮುಖ, ನಾನು ಗೆಣಸನ್ನು ಎಣ್ಣೆಯಿಂದ ತೆಗೆದು ತಟ್ಟೆಗೆ ಹಾಕಿ ಮೇಜಿಗೆ ಬಂದು ಕೂತೆ, ಹೆಂಡತಿ ತಟ್ಟೆಯನ್ನು ಅವಳ ಕಡೆ ಸರಿಸಿದಳು, ನಾನು ಮಾತ್ರ ಬಾಯಿಬಿಟ್ಟೆ, ಅಕ್ಕ, ಮುಂದಿನ ಹಲ್ಲಲ್ಲಿ ಕಚ್ಚಬೇಡ, ಮೇಲಿನ ಸೆಟ್ಟು ಎದ್ದುಬಿಡುತ್ತೆ, ಸಣ್ಣಗೆ ಮುರಿದು ಎರಡೂ ಕಡೆ ದವಡೆಯಲ್ಲಿ — ಅವಳು ಗೆಣಸಿನ ಬಿಲ್ಲೆ ಎತ್ತಿದಳು, ಅಗಲವಾದದ್ದು, ಊದಿದಳು, ನನ್ನನ್ನೇ ನೋಡುತ್ತ ಮುಂದಿನ ಹಲ್ಲಿಗೆ ಇಟ್ಟಳು.

ಕರುಂ. ನನ್ನ ಹಲ್ಲು, ನಾನು ಮೇಣದಲ್ಲಿ ಒಂದೊಂದಾಗಿ ನಿಲ್ಲಿಸಿದ ಹಲ್ಲು, ಉಜ್ಜಿ ಹೊಳಪು ಕೊಟ್ಟ ಹಲ್ಲು ಕಚ್ಚಿತು, ಎದ್ದು ಬರಲಿಲ್ಲ, ಅಲುಗಲಿಲ್ಲ, ಅಕ್ಕ ಅಗಿಯುತ್ತಿದ್ದಾಳೆ, ಕಣ್ಣು ಮುಚ್ಚಿದೆ, ಅಗಿಯುವ ಸದ್ದು ಅವಳ ತಲೆಯೊಳಗೆ ಎಷ್ಟು ದೊಡ್ಡದಾಗಿರಬೇಕು, ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು, ನೋಡ್ರೀ ಎಂದು, ನೋಡುತ್ತಲೇ ಇದ್ದೆನಲ್ಲ, ಕಣ್ಣೆಲ್ಲ ಮಂಜಾಗಿತ್ತು, ಎಣ್ಣೆಯ ಹೊಗೆ ಎಂದುಕೊಂಡೆ. ನುಂಗಿದಳು. ಚೆನ್ನಾಗಿದೆ ಕಣೋ, ಅಂದಳು, ಹಲ್ಲು ಗಟ್ಟಿ ಇದೆ, ಏನೂ ಕೊರತೆ ಇಲ್ಲ, ಆದರೆ ಇವು ನನ್ನವಲ್ಲ. ಅಂದ್ರೆ? ಕನ್ನಡಿ ನೋಡಿದ್ರೆ ಯಾರೋ ನೆಂಟರು ನನ್ನ ಬಾಯಲ್ಲಿ ಬಂದು ಕೂತಂಗೆ ಇದೆ ಮಾರಾಯ, ಎದ್ದು ಹೋಗಿ ಅನ್ನೋಕೂ ಆಗಲ್ಲ, ನೀನು ಕಣ್ಣು ಕೆಂಪಗೆ ಮಾಡ್ಕೊಂಡು ಕೂತು ಮಾಡಿದೀಯ, ಹೆಂಗೆ ಹೇಳ್ಲಿ. ನನಗೆ ಅರ್ಥವಾಗಲಿಲ್ಲ, ನಮ್ಮ ಕೋಣೆಯಲ್ಲಿದ್ದ ಅತ್ಯಂತ ಒಳ್ಳೆಯ ಹಲ್ಲು ಅವು, ನೇರ ಸಾಲು, ಮುತ್ತು ಪೋಣಿಸಿದಂತೆ, ನಾನು ಆರಿಸಿ — ನಂದು ಸಂದು ಇತ್ತಲ್ಲೋ, ಮುಂದಿನ ಎರಡರ ಮಧ್ಯೆ, ಅದೆಲ್ಲಿ ಹೋಯ್ತು? ಸಂದು. ಮುಚ್ಚಿದ್ದೆ. ಬೇಕೆಂದೇ ಮುಚ್ಚಿದ್ದೆ, ಒಂದು ಫೋಟೋದಲ್ಲೂ ಅಕ್ಕ ಬಾಯಿ ತೆರೆದಿಲ್ಲ, ಆ ಸಂದಿಗೆ ನಾಚಿಕೊಂಡೇ ಎಂದುಕೊಂಡಿದ್ದೆ, ಕೇಳಿರಲಿಲ್ಲ, ಹಾಗಾದ್ರೆ ಫೋಟೋದಲ್ಲಿ ಬಾಯಿ ಯಾಕೆ ಮುಚ್ಕೊತಿದ್ದೆ ಅಕ್ಕ? ಅಯ್ಯೋ, ಬಾಯಿ ಮುಚ್ಚಿ ನಿಂತ್ಕೊಳಮ್ಮ ಅಂತ ಆ ಫೋಟೋದವನು ಹೇಳ್ತಿದ್ದ, ಇಲ್ದಿದ್ರೆ ನಾನು ಮಾತು ನಿಲ್ಲಿಸ್ತಿರಲಿಲ್ಲ. ಹೆಂಡತಿ ಪಕ್ಕೆಂದು ನಕ್ಕಳು. ಆ ಸಂದಿಂದ ಸಿಳ್ಳೆ ಹಾಕಿದ್ರೆ ಬಸ್ಸು ಹೊರಡ್ತಿತ್ತು ಗೊತ್ತೇನೇ, ಸರ್ಕಾರ ಕೊಟ್ಟ ಪೀಪಿ ಚೀಲದಲ್ಲೇ ಇರ್ತಿತ್ತು, ಡ್ರೈವರಣ್ಣ ಅದಕ್ಕೇ ಬಂದಿದ್ದು ಅವತ್ತು, ಒಂದು ಸಲ ಹಾಕಮ್ಮ ಅಂತ ಕೇಳೇ ಕೇಳ್ತಾನೆ, ಯಾವುದರಿಂದ ಹಾಕ್ಲಿ, ಅದಕ್ಕೇ ಒಳಗೆ ಹೋದೆ.

ಎಷ್ಟಿತ್ತು ಅಕ್ಕ, ಸಂದು, ಎಷ್ಟು ಅಗಲ, ಅಚ್ಚಿನಲ್ಲಿ ಬರಿಯ ಒಸಡು, ಅದರಲ್ಲಿ ಸಂದು ಉಳಿದಿರುವುದಿಲ್ಲ, ಮುಂದಿನ ಎರಡನ್ನು ಕೊರೆದು ತೆಗೆದು ಬೇರೆಯವನ್ನು ಸರಿಸಿ ಕೂರಿಸಬಹುದು, ಆಗುತ್ತದೆ, ಯಾಕಾಗುವುದಿಲ್ಲ, ಆದರೆ ಎಷ್ಟು, ಕೂದಲೆಳೆಯಷ್ಟು ಹೆಚ್ಚಾದರೂ ಬರಿಯ ಗಾಳಿ, ಕಡಿಮೆಯಾದರೆ ಸದ್ದೇ ಇಲ್ಲ, ಸಿಳ್ಳೆ ಎಲ್ಲಿ ಹುಟ್ಟುತ್ತದೆ, ಹಲ್ಲಿನಲ್ಲೋ ನಾಲಗೆಯಲ್ಲೋ, ನೀನೇ ಹೇಳಬೇಕು ಅಕ್ಕ. ಅಕ್ಕ ಯೋಚಿಸಿದಳು, ನಾಲಗೆ ಒಳಗೊಳಗೇ ಹಲ್ಲಿನ ಹಿಂದೆ ಏನನ್ನೋ ಹುಡುಕುತ್ತಿತ್ತು, ಕೆನ್ನೆಯಲ್ಲಿ ಕಾಣುತ್ತಿತ್ತು, ಆಮೇಲೆ ಕಚ್ಚಿದ ಗೆಣಸನ್ನು ತಟ್ಟೆಯಲ್ಲಿಟ್ಟಳು, ಕಚ್ಚಿದ ಜಾಗ ನನ್ನ ಕಡೆ, ಹಳದಿ ಗೆಣಸಿನಲ್ಲಿ ಅರ್ಧಚಂದ್ರ, ಒಂದೊಂದು ಹಲ್ಲೂ ಎಣಿಸುವಂತೆ, ಎಲ್ಲೂ ಕಡಿಯದ ಸಾಲು, ನೆಂಟರ ಸಾಲು, ಸುಶಿಯ ಬಿಲ್ಲೆಯಿಂದ ಒಂದೇ ಒಂದು ಅನ್ನದ ಕಾಳನ್ನು ಉಗುರಿನಲ್ಲಿ ಬಿಡಿಸಿ ತೆಗೆದು, ಆ ಅರ್ಧಚಂದ್ರದ ನಟ್ಟನಡುವೆ, ನೆಟ್ಟಗೆ ನಿಲ್ಲಿಸಿ ಅಂಟಿಸಿದಳು. ಇಲ್ಲಿ. ಇಷ್ಟು. ಹೆಂಡತಿ ರೋಲು ಎತ್ತಿ ಅಕ್ಕನ ತಟ್ಟೆಗೆ ಹಾಕುತ್ತಿದ್ದಾಳೆ, ಅಕ್ಕ ಕಚ್ಚುತ್ತಿದ್ದಾಳೆ, ತಿನ್ರೀ, ಆರಿಹೋಗುತ್ತೆ, ಯಾರೋ ನನಗೇ ಹೇಳುತ್ತಿದ್ದಾರೆ, ಹೌದು, ಹಲ್ಲಿನಲ್ಲಿ ಸಂದು ಇದ್ದರೆ ಕಚ್ಚಿದ್ದರಲ್ಲಿ ಹೀಗೇ ಒಂದು ಏಣು ಎದ್ದು ನಿಲ್ಲುತ್ತದೆ, ಸರಿಯಾಗಿ ಹೀಗೇ, ಅವಳಿಗೆ ಹೇಗೆ ಗೊತ್ತಾಯಿತು, ಒಂದು ಕಾಳು, ಹಳದಿಯಲ್ಲಿ ಬಿಳಿ, ಇಷ್ಟು, ಅರ್ಧಚಂದ್ರ, ಅದರ ನಡುವೆ ನೆಟ್ಟಗೆ — ಒಂದು ಕಾಳು —