ಮಾರುಕಟ್ಟೆಗೊಂದು ಗಡಿಯಾರ

ಈ ಟೀ ಕುಡಿದರೆ ತನ್ನ ಕಥೆ ಮುಗಿಯಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಜೆಟ್ ಸಭೆ ಬೇಗ ಮುಗಿಯುವ ಲಕ್ಷಣವಿರಲಿಲ್ಲ. ಹಬೆಯಾಡುತ್ತಿದ್ದ ಲೋಟವನ್ನು ಮೆಲ್ಲಗೆ ಪಕ್ಕದ ಎಂಜಿನಿಯರರ ಕಡೆಗೆ ಸರಿಸಿದಳು. ಅವರು ಅದನ್ನೂ ತಮ್ಮದೇ ಎಂಬಂತೆ ಕುಡಿದು ಮೀಸೆ ಒರೆಸಿಕೊಂಡರು.

ಪದವಿ ಮುಗಿಸಿ ಪುರಸಭೆಗೆ ತಾತ್ಕಾಲಿಕ ಗುಮಾಸ್ತೆಯಾಗಿ ಸೇರಿದ್ದ ಅವಳ ಕೆಲಸ, ಸಭೆಯಲ್ಲಿ ಆಡಿದ್ದನ್ನು ಬರೆದುಕೊಳ್ಳುವುದು. ಅದಕ್ಕೆ ಬಾಯಿ ಬೇಕಿಲ್ಲವೆಂಬುದೇ ಆ ಕೆಲಸದಲ್ಲಿ ಅವಳಿಗೆ ಹಿಡಿಸಿದ್ದ ಗುಣ. "ಇವಳ ಬಾಯಿಂದ ಒಂದು ಮಾತು ಹೊರಡಿಸೋಕೆ ಜೆಸಿಬಿ ತರಿಸ್ಬೇಕು" ಎಂದು ಚಿಕ್ಕಮ್ಮ ಬಂದವರೆದುರೆಲ್ಲ ನಗುತ್ತಿದ್ದಳು.

ಕಚೇರಿಯ ಹೆಂಗಸರ ಶೌಚಾಲಯದಲ್ಲಿ ಬಹುಕಾಲದಿಂದ ಕೆಟ್ಟ ಬೀದಿದೀಪಗಳು ಸಂಸಾರ ಹೂಡಿದ್ದವು. ಹಾಗಾಗಿ ಅವಳಿಗಿದ್ದ ಗತಿಯೆಂದರೆ ಹಿಂದಿನ ಮಾರುಕಟ್ಟೆಯ ಸಾರ್ವಜನಿಕ ಶೌಚಾಲಯವೊಂದೇ. ಈಗ ಅದಕ್ಕೂ ಸಂಚಕಾರ ಬಂದಿತ್ತು. ಖರ್ಚು ಇಳಿಸಲು ಹೊರಟ ಅಧ್ಯಕ್ಷರು, ಅಲ್ಲಿಯ ಹೆಂಗಸರ ಭಾಗವನ್ನು ಎಷ್ಟು ಜನ ಬಳಸುತ್ತಾರೆ ಎಣಿಸಿ ಎಂದಿದ್ದರು. ಎಂಜಿನಿಯರರು ಕಾವಲುಗಾರನನ್ನು ಸರಿಯಾಗಿ ಬಾಗಿಲಲ್ಲೇ ಸ್ಟೂಲ್ ಹಾಕಿ ಕೂರಿಸಿದರು. ಅವನೋ ಶ್ರದ್ಧೆಯ ಮನುಷ್ಯ. ಯಾರಾದರೂ ಹತ್ತಿರ ಬಂದರೆ ಸಾಕು, ಎದ್ದು ನಿಂತು, ಕಿವಿಯ ಮೇಲಿನ ಪೆನ್ನು ತೆಗೆದು, ಇಡೀ ತರಕಾರಿ ಸಾಲಿಗೆ ಕೇಳಿಸುವಂತೆ, "ಬನ್ನಿ ತಾಯೀ! ಹೆಸರೇನು? ಯಾವ ಬೀದಿ? ಬಂದ ಉದ್ದೇಶ?" ಎನ್ನುತ್ತಿದ್ದ.

ಅವಳೂ ಹೋಗಿದ್ದಳು. ಉದ್ದೇಶ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬಾಯಿಗೆ ಬಂದ ಸುಳ್ಳೊಂದನ್ನು ತಡವರಿಸಿ ಹಿಂದಿರುಗಿದ್ದಳು. ಅಂದಿನಿಂದ ನೀರಿನ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಆದರೂ ದಿನಕ್ಕೊಮ್ಮೆ ಅಲ್ಲಿಗೆ ಹೋಗಿ ಅದೇ ಸುಳ್ಳು ಹೇಳಿ ಮರಳುವುದು ತಪ್ಪಿರಲಿಲ್ಲ.

"ವಾರವಿಡೀ ಎಣಿಸಿದ್ವಿ ಸಾರ್. ಸೊನ್ನೆ" ಎಂದರು ಎಂಜಿನಿಯರರು.

"ಗಂಡಸರ ಕಡೆ?"

"ಅಲ್ಲಿ ಎಣಿಸೋದೇನು ಸಾರ್, ಹೊರಗಿನ ಗೋಡೆ ನೋಡಿದ್ರೇ ಗೊತ್ತಾಗುತ್ತೆ."

"ಹಾಗಾದ್ರೆ ಹೆಂಗಸರದ್ದು ಮುಚ್ಚಿಬಿಡೋಣ" ಎಂದರು ಅಧ್ಯಕ್ಷರು.

ಉಪಾಧ್ಯಕ್ಷೆ ಹುಬ್ಬು ಗಂಟಿಕ್ಕಿದರು. "ನಮ್ಮನೆ ಇಲ್ಲೇ ಎದುರಿಗೆ, ನಂಗಂತೂ ಯಾವತ್ತೂ ಬೇಕಾಗಿಲ್ಲಪ್ಪ. ಆದ್ರೂ ಅಷ್ಟು ದೊಡ್ಡ ಮಾರ್ಕೆಟ್ಟಲ್ಲಿ ಒಬ್ಬಳೂ ಬರಲಿಲ್ಲ ಅಂದ್ರೆ ಹೇಗೆ? ಕರೀರಿ ಅವನನ್ನ."

ಕಾವಲುಗಾರ ಬಂದು ಸೆಲ್ಯೂಟ್ ಹೊಡೆದ. "ಬರ್ತಿದ್ರು ಅಮ್ಮಾ, ಬರಲಿಲ್ಲ ಅಂತಲ್ಲ. ಒಳಗೆ ಹೋಗ್ಲಿಲ್ಲ, ಅಷ್ಟೇ. ಉದ್ದೇಶ ಕೇಳಿದ್ರೆ, ಟೈಮ್ ಎಷ್ಟಾಯ್ತು ಅಂತ ಕೇಳ್ಕೊಂಡು ಹೊರಟುಹೋಗೋರು. ತರಕಾರಿಯೋರು, ಟೀಚರಮ್ಮ, ಬಸ್ಸಿಗೆ ಬಂದೋರು, ಎಲ್ರೂ ಅದೇ. ಹೇಳಿ ಹೇಳಿ ನನ್ನ ಗಂಟಲು ಒಣಗಿಹೋಯ್ತು." ಆಮೇಲೆ ಗುಮಾಸ್ತೆಯ ಕಡೆ ಕೈ ತೋರಿಸಿದ. "ಈ ಮೇಡಂ ಅಂತೂ ದಿನಾ ಬಂದು ಕೇಳೋರು. ಕೈಯಲ್ಲಿ ವಾಚ್ ಕಟ್ಕೊಂಡೇ!"

ಅವಳು ಕೈಯನ್ನು ಮೇಜಿನ ಕೆಳಗೆ ಇಳಿಸಿದಳು. ಕಿವಿ ಕಾದ ಹಂಚಾಗಿತ್ತು.

ಅಧ್ಯಕ್ಷರ ಮುಖ ಮಾತ್ರ ಅರಳಿತು. "ನೋಡಿದ್ರಾ! ಜನಕ್ಕೇನು ಬೇಕು ಅಂತ ಜನಾನೇ ಹೇಳ್ತಿದ್ದಾರೆ. ನಾವು ಕಿವಿ ಕೊಡ್ಬೇಕಷ್ಟೇ. ಊರಿನ ಹೆಣ್ಮಕ್ಕಳಿಗೆ ಬೇಕಿರೋದು ಗಡಿಯಾರ!"

"ನಾಲ್ಕು ಮುಖದ್ದು ಹಾಕ್ಸೋಣ ಸಾರ್" ಎಂದು ಎಂಜಿನಿಯರರು ಚುರುಕಾದರು. "ಶೌಚಾಲಯದ ನಿರ್ವಹಣೆಗೆ ಇಟ್ಟಿರೋ ದುಡ್ಡೇ ಸಾಕು. ನಾಳೇನೇ ಟೆಂಡರ್ ಕರೀಬಹುದು."

"ಗಂಟೆ ಹೊಡಿಯೋ ಅಂಥದ್ದಾ?" ಎಂದು ಹಿರಿಯ ಸದಸ್ಯರೊಬ್ಬರು ಗಾಬರಿಯಾದರು. "ಮಧ್ಯಾಹ್ನ ಹೊಡಿಯೋದು ಬೇಡ. ನಾನು ಮಲಗ್ತೀನಿ."

"ಸಭೆ ಇದ್ದಾಗಲೂ ಬೇಡ. ಇಲ್ಲೂ ಮಲಗ್ತೀರಲ್ಲ ಅಣ್ಣಾ" ಎಂದರು ಉಪಾಧ್ಯಕ್ಷೆ.

ಎಲ್ಲರೂ ನಕ್ಕರು. ನಗುವಿನ ಭರದಲ್ಲಿ ಗಡಿಯಾರದ ಬಣ್ಣ ತೀರ್ಮಾನವಾಯಿತು, ಅದರ ಕೆಳಗೆ ಯಾರ ಹೆಸರಿನ ಫಲಕ ಎಂಬುದೂ ತೀರ್ಮಾನವಾಯಿತು. ಶೌಚಾಲಯದ ಬಾಗಿಲಿಗೆ ಇಟ್ಟಿಗೆ ಕಟ್ಟುವ ಕೆಲಸ ಮರುದಿನಕ್ಕೇ ನಿಗದಿಯಾಯಿತು.

"ವಿರೋಧ ಯಾರದ್ದಾದ್ರೂ ಇದ್ಯಾ?" ಎಂದು ಅಧ್ಯಕ್ಷರು ಉತ್ತರಕ್ಕೆ ಕಾಯದೆ ಕೇಳಿದರು. ಆ ಸಭೆಯಲ್ಲಿ ಸುಮ್ಮನಿದ್ದರೆ ಒಪ್ಪಿದಂತೆ. "ಬರ್ಕೊಳಮ್ಮಾ, ಸರ್ವಾನುಮತ."

ಪೆನ್ನು ಕಾಗದಕ್ಕೆ ತಾಗಿತು, ಮುಂದಕ್ಕೆ ಹೋಗಲಿಲ್ಲ. ಬೆಳಕು ಹರಿಯುವ ಮೊದಲೇ ಬಂದು ಕತ್ತಲಾಗುವವರೆಗೂ ತರಕಾರಿ ಮಾರುವ ಹೆಂಗಸರು ಅವಳ ಕಣ್ಣ ಮುಂದೆ ಬಂದರು. ತಾನಾದರೂ ಸಂಜೆಗೆ ಮನೆ ಸೇರುತ್ತೇನೆ, ಅವರು? ಅವಳಿಗೇ ತಿಳಿಯದಂತೆ ಎದ್ದು ನಿಂತಿದ್ದಳು. ಹಿಂದಕ್ಕೆ ಸರಿದ ಕುರ್ಚಿ ನೆಲವನ್ನು ಕರ್ಕಶವಾಗಿ ಗೀರಿತು. ಎಲ್ಲರ ತಲೆಯೂ ಇತ್ತ ತಿರುಗಿತು.

"ಏನಮ್ಮಾ, ಪೆನ್ನು ಬರೀತಿಲ್ವಾ?"

ಹೂಂ ಎಂದುಬಿಟ್ಟರೆ ಇನ್ನೊಂದು ಪೆನ್ನು ಸಿಗುತ್ತಿತ್ತು. ಗಂಟಲಿನವರೆಗೆ ಬಂದಿದ್ದ ಆ ಹೂಂ ಅನ್ನು ಅವಳು ನುಂಗಿಕೊಂಡಳು.

"ಪೆನ್ನು ಸರಿಯಾಗಿದೆ ಸಾರ್. ನಾವ್ಯಾರೂ ಟೈಮ್ ಕೇಳೋಕೆ ಬಂದಿರಲಿಲ್ಲ. ಒಳಗೆ ಹೋಗೋಕೇ ಬಂದಿದ್ವಿ. ಬಾಗಿಲಲ್ಲಿ ಗಂಡಸು ಕೂತು ಯಾತಕ್ಕೆ ಬಂದ್ರಿ ಅಂತ ಕೂಗಿ ಕೇಳಿದ್ರೆ, ನಾವು ಇನ್ನೇನು ಹೇಳ್ಬೇಕಿತ್ತು ಸಾರ್?"