ನಾಲ್ಕು ಚೌಕ, ನಾಲ್ಕೂ ನೀಲಿ

ಮೆರೆಟೆಯ ಮನೆಗೆ ಬೆಂಕಿ ಬಿದ್ದದ್ದು ಮಗಳ ಹೋಂವರ್ಕಿನಿಂದ. ಮೋರ್ಸ್ ದ್ವೀಪದ ಶಾಲೆಯಲ್ಲಿ ಹೆನ್ನಿಂಗ್ ಮೇಷ್ಟ್ರು ಎಂಟನೆಯ ತರಗತಿಗೆ ಜೀವಶಾಸ್ತ್ರ ಹೇಳುತ್ತ ಹುಟ್ಟುವ ಮಕ್ಕಳ ಕಣ್ಣಿನ ಬಣ್ಣ ಲೆಕ್ಕ ಹಾಕಲು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದರು. ಅಪ್ಪನದು ನೀಲಿ ಕಣ್ಣು, ಅಮ್ಮನದೂ ನೀಲಿಯಾದರೆ ನಾಲ್ಕು ಚೌಕವೂ ನೀಲಿ, ಕಂದು ಕಣ್ಣಿನ ಮಗು ಹುಟ್ಟುವ ಹಾಗೇ ಇಲ್ಲ ಎಂದರು. ಮನೆಯವರ ಕಣ್ಣಿನ ಬಣ್ಣ ಬರೆದುಕೊಂಡು ಬನ್ನಿ ಎಂದು ಹಾಳೆ ಹಂಚಿದರು. ಮೆರೆಟೆಯ ಮಗಳು ತ್ಯೂರಾಳದು ಕಂದು ಕಣ್ಣು. ಅವಳ ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿಯರು, ಎಲ್ಲರದೂ ನೀಲಿ. ಹುಡುಗಿ ಇದ್ದದ್ದನ್ನು ಇದ್ದಂತೆ ಬರೆದು ಒಯ್ದಳು. ಹಿಂದಿನ ಸಾಲಿನಿಂದ ಯಾರೋ, "ಇವಳ ಬೀದಿಗೆ ಬರೋ ಅಂಚೆಯಣ್ಣನ ಕಣ್ಣು ಯಾವ ಬಣ್ಣ?" ಅಂದರಂತೆ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಮೇಷ್ಟ್ರು ಪುಟ ತಿರುವಿ ಮುಂದಿನ ಪಾಠಕ್ಕೆ ಹೋದರಂತೆ.

ಸಂಜೆ ಊಟಕ್ಕೆ ಕೂತಾಗ ತ್ಯೂರಾ ಇದನ್ನೆಲ್ಲ ಹೇಳಿದಳು. ಅವಳ ಅಪ್ಪ ಅಸ್ಗೆರ್ ಹಾಲಿನ ಟ್ಯಾಂಕರ್ ಓಡಿಸುವವನು, ಸುಲಭಕ್ಕೆ ಕೋಪ ಮಾಡಿಕೊಳ್ಳುವ ಮನುಷ್ಯನಲ್ಲ. ಅವನೂ ನಕ್ಕ. ಆಲೂಗಡ್ಡೆಗೆ ಇನ್ನೊಂದಿಷ್ಟು ಗ್ರೇವಿ ಸುರಿದುಕೊಂಡ. ಹುಡುಗಿ ಮೇಲಿನ ಕೋಣೆಗೆ ಹೋದಮೇಲೆ, ತಟ್ಟೆ ಒರೆಸುತ್ತ, ಹೆಂಡತಿಯ ಮುಖ ನೋಡದೆ ಕೇಳಿದ:

"ತ್ಯೂರಾ ಹುಟ್ಟೋ ಮುಂಚಿನ ವರ್ಷ ನೀನು ಆಲ್ಬೋರ್ಗಲ್ಲಿ ಇದ್ದೆ ಅಲ್ವಾ? ಕೇಕ್ ಕೆಲಸ ಕಲಿಯೋಕೆ ಹೋಗಿದ್ದೆ."

"ಹೂಂ. ಅದಕ್ಕೇನೀಗ?"

"ಏನಿಲ್ಲ. ಮೇ ತಿಂಗಳು ಇರ್ಬೇಕು ಅಲ್ವಾ?"

"ಏನು ಕೇಳ್ಬೇಕು ಅಂತಿದೀಯೋ ಅದನ್ನ ನೆಟ್ಟಗೆ ಕೇಳು, ಅಸ್ಗೆರ್."

"ಅಯ್ಯೋ, ಸುಮ್ನೆ ಕೇಳಿದೆ ಕಣೇ."

ಮೆರೆಟೆಗೆ ಅಂಗಾಲಿನ ಉರಿ ನೆತ್ತಿಗೇರಿತು. ತಿಂಗಳು ಎಣಿಸುತ್ತಿದ್ದಾನೆ! ಹದಿನೇಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡಸು, ತಟ್ಟೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ತಿಂಗಳು ಎಣಿಸುತ್ತಿದ್ದಾನೆ. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಅವನೆದುರು ನಿಂತಳು.

"ಒಂದ್ಸಲ ಹೇಳ್ತೀನಿ, ಕೇಳಿಸ್ಕೋ. ಎರಡನೇ ಸಲ ಹೇಳಲ್ಲ. ನಿನ್ನ ಬಿಟ್ರೆ ಬೇರೆ ಯಾರೂ ಇರ್ಲಿಲ್ಲ. ನಂಬ್ತೀಯೋ ಇಲ್ವೋ?"

"ನಾನೇನಾದ್ರೂ ಅಂದ್ನಾ?" ಎಂದ ಅವನು. ನಂಬುತ್ತೇನೆ ಎನ್ನಲಿಲ್ಲ. ಮೂರು ವಾರವಾದರೂ ಆ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ನಮ್ಮ ದ್ವೀಪದವರು ಎದುರಿಗೆ ತುಂಬ ಮರ್ಯಾದಸ್ಥರು. ಏನೂ ಅನ್ನುವುದಿಲ್ಲ, ನೋಡುತ್ತಾರೆ ಅಷ್ಟೆ. ಮೆರೆಟೆ ಕೆಲಸ ಮಾಡುವ ಬೇಕರಿಗೆ ಬಂದವರೆಲ್ಲ ಬ್ರೆಡ್ಡಿಗಿಂತ ಹೆಚ್ಚು ಹೊತ್ತು ಅವಳ ಕಣ್ಣು ನೋಡತೊಡಗಿದರು. "ಮಗಳು ಚೆನ್ನಾಗಿದಾಳಾ?" ಎಂದು ಒಬ್ಬರು ಕೇಳಿದರೆ ಪಕ್ಕದವರು ಕೇಕಿನ ಗಾಜಿನೊಳಗೆ ಏನೋ ಹುಡುಕುವವರಂತೆ ಬಗ್ಗುತ್ತಿದ್ದರು. ಬಗ್ಗಿ ನಗುತ್ತಿದ್ದರು, ಮತ್ತೇನು! ಮೆರೆಟೆ ಹಲ್ಲು ಕಚ್ಚಿಕೊಂಡು ಪೊಟ್ಟಣ ಕಟ್ಟಿದಳು. ತ್ಯೂರಾ ಕೂದಲನ್ನು ಕಣ್ಣಿನ ಮೇಲೆ ಇಳಿಬಿಟ್ಟುಕೊಂಡು ಓಡಾಡಲು ಶುರುಮಾಡಿದ್ದನ್ನು ಕಂಡ ದಿನ ಮಾತ್ರ ಅವಳ ತಾಳ್ಮೆ ಮುಗಿಯಿತು.

ಮೂರನೆಯ ಶನಿವಾರ ಬೆಳಿಗ್ಗೆ ಬೇಕರಿಯ ತುಂಬ ಜನ. ಎಲ್ಲರ ಕೈಯಲ್ಲೂ ಬಾಗಿಲ ಬಳಿಯ ಯಂತ್ರದಿಂದ ಹರಿದುಕೊಂಡ ನಂಬರಿನ ಚೀಟಿ. ಮೆರೆಟೆ ಮುಂದಿನ ನಂಬರು ಕರೆಯುವ ಗುಂಡಿ ಒತ್ತಿದಳು. ಮೂವತ್ತೇಳು. ಮುಂದೆ ಬಂದವರು ಹೆನ್ನಿಂಗ್ ಮೇಷ್ಟ್ರು.

"ಆರು ಗಸಗಸೆ ಬನ್ನು, ಮೆರೆಟೆ."

"ಬನ್ನು ಆಮೇಲೆ. ನಂಗೂ ಅಸ್ಗೆರ್‌ಗೂ ಇದೇ ನಾಲ್ಕು ಚೌಕ ಕಲಿಸಿದ್ರಿ. ನನ್ನ ಮಗಳಿಗೂ ಅದನ್ನೇ ಕಲಿಸಿದ್ರಿ. ಅದು ನಿಜಾನಾ ಮೇಷ್ಟ್ರೇ?"

ಮೇಷ್ಟ್ರು ಹಿಂದೆ ತಿರುಗಿ ಸಾಲು ನೋಡಿದರು. "ಸೋಮವಾರ ಶಾಲೆ ಹತ್ರ ಬಾ, ಮಾತಾಡೋಣ."

"ಊರು ಆಡ್ಕೊಂಡಿದ್ದು ಇಲ್ಲಿ. ಇಲ್ಲೇ ಹೇಳಿ. ನೀವು ಹೇಳೋ ತನಕ ನಾನು ಮೂವತ್ತೆಂಟು ಒತ್ತಲ್ಲ."

ಇಪ್ಪತ್ತು ಜನ ತಮ್ಮ ತಮ್ಮ ಚೀಟಿಯನ್ನು ಮೊದಲ ಸಲ ಕಂಡವರಂತೆ ನೋಡುತ್ತ ನಿಂತರು. ಒಬ್ಬರೂ ಹೊರಗೆ ಹೋಗಲಿಲ್ಲ.

"ಅದು ಮಕ್ಕಳಿಗೆ ಸುಲಭ ಆಗ್ಲಿ ಅಂತ ಹೇಳೋದಮ್ಮ."

"ಸುಲಭಾನೋ ಸುಳ್ಳೋ?"

"ಪೂರ್ತಿ ನಿಜ ಅಲ್ಲ."

"ಜೋರಾಗಿ ಹೇಳಿ. ಬಾಗಿಲ ಹತ್ರ ಇರೋರಿಗೆ ಕೇಳಿಸ್ತಿಲ್ಲ."

ಮೇಷ್ಟ್ರ ಕಿವಿ ಕೆಂಪಾಯಿತು. ಆದರೂ ಪಾಠ ಹೇಳಿ ಪಳಗಿದ ಗಂಟಲು, ದನಿ ತಾನಾಗಿ ಏರಿತು. "ಕಂದು ಬಣ್ಣ ಮಾಡೋ ಜೀನು ನೀಲಿ ಕಣ್ಣಿನವರಲ್ಲೂ ಇರುತ್ತೆ. ಕೆಟ್ಟುಹೋಗಿರಲ್ಲ. ಅದರ ಪಕ್ಕದಲ್ಲೇ ಒಂದು ಸ್ವಿಚ್ಚಿದೆ ಅಂದ್ಕೋ. ನೀಲಿ ಕಣ್ಣಿನ ನಮ್ಮಂಥೋರಲ್ಲಿ ಅದು ಹೆಚ್ಚುಕಮ್ಮಿ ಆರಿರುತ್ತೆ. ಜೀನುಗಳೆಲ್ಲ ಸೇರಿ ಒಂದು ಪುಸ್ತಕ ಅಂದ್ಕೊಂಡ್ರೆ, ಕಣ್ಣಿನ ಜೀವಕೋಶ ಅದರಲ್ಲಿ ಆ ಪುಟ ಸರಿಯಾಗಿ ಓದಲ್ಲ, ಬಣ್ಣ ಮಾಡಲ್ಲ, ಅಷ್ಟೆ. ನಿನ್ನ ಹಿಮ್ಮಡೀಲೂ ಅದೇ ಪುಸ್ತಕ ಇದೆ, ಹಿಮ್ಮಡಿ ತನಗೆ ಬೇಕಾದ ಬೇರೆ ಪುಟ ಓದ್ಕೊಳ್ಳುತ್ತೆ. ಇನ್ನು ಕಣ್ಣಿನ ಬಣ್ಣಕ್ಕೆ ಕೈ ಹಾಕೋ ಜೀನುಗಳು ಒಂದಲ್ಲ, ಎಷ್ಟೋ ಇವೆ. ಅವು ಹೇಗೋ ಸೇರಿ, ನೀಲಿ ಕಣ್ಣಿನ ಇಬ್ರಿಗೆ ಕಂದು ಕಣ್ಣಿನ ಮಗು ಹುಟ್ಟಬಹುದು. ಅಪರೂಪ. ಆದ್ರೆ ಹುಟ್ಟುತ್ತೆ."

"ಇಷ್ಟು ಗೊತ್ತಿದ್ದೂ ಕ್ಲಾಸಲ್ಲಿ ಯಾಕೆ ಹೇಳ್ಲಿಲ್ಲ?"

"ಅದು ಪರೀಕ್ಷೆಗೆ ಬರಲ್ಲ."

"ಪರೀಕ್ಷೆ ನನ್ನ ಮನೇಲಿ ನಡೀತಿದೆ ಮೇಷ್ಟ್ರೇ! ಮೂರು ವಾರದಿಂದ!" ಮೆರೆಟೆ ಕಟ್ಟೆಗೆ ಕೈ ಬಡಿದ ರಭಸಕ್ಕೆ ಇಕ್ಕಳ ಕೆಳಗೆ ಬಿತ್ತು. "ನನ್ನ ಮಗಳು ಮುಖ ಮುಚ್ಕೊಂಡು ಓಡಾಡ್ತಿದಾಳೆ. ಅವರು ನಕ್ಕಾಗ ನೀವು ಪುಟ ತಿರುವಿದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮ್ಗೆ?"

"ತಪ್ಪಾಯ್ತು. ಸೋಮವಾರ ಬೋರ್ಡಿನ ಮುಂದೆ ನಿಂತು ಹೇಳ್ತೀನಿ."

"ಹೇಳಿ. ಗಸಗಸೆದು ಆರು ಅಂದ್ರಲ್ವಾ?"

ನಲವತ್ತರ ಚೀಟಿ ಹಿಡಿದಿದ್ದ ಮುದುಕಿ ಎಬ್ಬಾ ಯಾರಿಗೂ ಅಲ್ಲದಂತೆ ಹೇಳಿದಳು: "ನಮ್ಮ ದೊಡ್ಡಪ್ಪನ ಮಗಳಿಗೂ ಇಂಥದೇ ಮಗು ಇತ್ತು. ಸಾಯೋ ತನಕ ಅವಳನ್ನ ಆಡ್ಕೊಂಡ್ವಿ." ಮೆರೆಟೆ ಮೂವತ್ತೆಂಟು ಒತ್ತಿದಳು.

ಕೆಲಸ ಮುಗಿಸಿ ಸೈಕಲ್ ತುಳಿಯುತ್ತ ಮನೆಗೆ ಬರುವಾಗ ಎದೆಯ ಭಾರ ಇಳಿದಂತಿತ್ತು. ಗೆದ್ದೆ ಎಂದುಕೊಂಡಳು. ಮೇಷ್ಟ್ರೇ ಬಾಯಿಬಿಟ್ಟ ಮೇಲೆ ಅಸ್ಗೆರ್ ಇನ್ನೇನು ಹೇಳಿಯಾನು? ಕ್ಷಮಿಸು ಅನ್ನಲೇಬೇಕು. ಮೂರು ದಿನ ಸತಾಯಿಸಿ ಆಮೇಲೆ ಕ್ಷಮಿಸುವುದು ಎಂದೂ ನಿಶ್ಚಯಿಸಿದಳು.

ಅಡುಗೆಮನೆಯಲ್ಲಿ ಕಾಫಿ ಕಾದಿತ್ತು. ಮೇಜಿನ ಮೇಲೆ, ಹುಟ್ಟುಹಬ್ಬದ ದಿನ ಇಡುವ ಪುಟ್ಟ ಕೆಂಪು ಬಿಳಿ ಬಾವುಟ ನಿಲ್ಲಿಸಿತ್ತು. ಅದರ ಬುಡದಲ್ಲಿ ಒಂದು ಕಾಗದ. ಅಸ್ಗೆರ್‌ನ ಮುಖ ಊರಗಲವಾಗಿತ್ತು. ತ್ಯೂರಾ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದಳು.

"ಓದು, ಓದು! ಪ್ರಯೋಗಾಲಯದಿಂದ ಬಂದಿದೆ. ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಒಂಬತ್ತು. ನಾನೇ ಅಪ್ಪ ಕಣೇ!"

ಮೆರೆಟೆ ಬನ್ನಿನ ಚೀಲವನ್ನು ಕೆಳಗಿಡಲೂ ಮರೆತಳು. "ಇದಕ್ಕೆ ಮಗುವಿನದೂ ಏನಾದ್ರೂ ಬೇಕಲ್ವಾ?"

"ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸ್ಬೇಕು, ಅಷ್ಟೆ. ನೋವೇನೂ ಆಗಲ್ಲ. ಅಮ್ಮನಿಗೆ ಹೇಳ್ಬೇಡ ಅಂದಿದ್ದೆ. ಜಾಣೆ, ಹೇಳೇ ಇಲ್ಲ."

ಮೆರೆಟೆಗೆ ಆಗ ಬಂದ ಕೋಪದ ಮುಂದೆ ಬೆಳಗಿನದು ಏನೂ ಅಲ್ಲ. ಮೇಷ್ಟ್ರು ಹೇಳಿದ್ದು ತಪ್ಪು ಪಾಠ. ಇವನು ಹದಿನಾಲ್ಕು ವರ್ಷದ ಹುಡುಗಿಯ ಬಾಯಿಗೆ ಕಡ್ಡಿ ಹಾಕಿ, ನೀನು ನನ್ನವಳೋ ಅಲ್ಲವೋ ನೋಡುತ್ತೇನೆ ಎಂದಿದ್ದಾನೆ. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ಇವನ ಎದುರೇ ಕೂತು ದಿನಾ ಉಂಡಿದ್ದಾಳೆ. ಹಬ್ಬದ ಬಾವುಟ ಬೇರೆ!

"ಅಲ್ಲ, ಯಾಕೆ ಹಾಗೆ ನೋಡ್ತೀಯ? ಒಳ್ಳೇ ಸುದ್ದಿ ತಾನೆ? ಈಗ ಎಲ್ಲ ಸರಿಹೋಯ್ತಲ್ಲ."

"ನಾನು ಹೇಳಿದ್ದನ್ನ ನಂಬೋಕೆ ನಿಂಗೆ ಒಂದು ನಿಮಿಷ ಸಾಕಿತ್ತು. ನೀನು ಮೂರು ವಾರ ಲಕೋಟೆಗೆ ಕಾದೆ." ಕಾಗದವನ್ನು ಅವನ ಕಡೆ ತಳ್ಳಿದಳು. "ಅವಳಪ್ಪ ಅನ್ನೋಕೆ ಕಾಗದ ತರಿಸ್ಕೊಂಡ್ಯಲ್ಲ. ನನ್ನ ಗಂಡ ಅನ್ನೋಕೂ ಎಲ್ಲಾದ್ರೂ ಸಿಗುತ್ತಾ ನೋಡು, ಬರೆದು ತರಿಸ್ಕೋ."

ಅಸ್ಗೆರ್ ಪೆಚ್ಚಾದ. ದಿಕ್ಕು ತೋಚದೆ ಕಿಟಕಿಯ ಕಡೆ ತಿರುಗಿದ. "ತ್ಯೂರಾ, ನೀನಾದ್ರೂ ಅಮ್ಮನಿಗೆ ಹೇಳೇ, ಪುಟ್ಟಿ."

ಹುಡುಗಿ ಹಣೆಯ ಕೂದಲನ್ನು ಹಿಂದಕ್ಕೆ ತಳ್ಳಿ, ಅತ್ತು ಕೆಂಪಾದ ಕಣ್ಣಿಂದ ಅವನನ್ನು ನೆಟ್ಟಗೆ ನೋಡಿದಳು.

"ಏನು ಹೇಳ್ಲಿ, ಅಸ್ಗೆರ್?"

ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.